ಸಾಲದ ಪುಸ್ತಕ, ದುಡ್ಡಿನ ಪುಸ್ತಕ ಓದೋದು ಹೇಗೆ? ಪಕ್ಕದಲ್ಲಿ ಪೆನ್ನು ಹಾಳೆ ಇರ್ಲಿ

ದುಡ್ಡಿನ ಬಗ್ಗೆ ಬರೆದ ಪುಸ್ತಕಗಳೆಲ್ಲ ಒಂದೇ ಕಪಾಟಲ್ಲಿ ಕೂತಿರ್ತವೆ. ಒಂದು ಪುಸ್ತಕ ಸಾಲದ ಕಂತು ಹೇಗೆ ತೀರಿಸ್ಬೇಕು ಅಂತ ಹೇಳಿದ್ರೆ ಪಕ್ಕದ್ದು 5000 ವರ್ಷದ ಸಾಲದ ಇತಿಹಾಸ ಹೇಳತ್ತೆ, ಅದರ ಪಕ್ಕದ್ದು ದೇಶಗಳು ಹೇಗೆ ದಿವಾಳಿ ಆಗ್ತವೆ ಅಂತ ಅಂಕಿಅಂಶ ಇಟ್ಕೊಂಡು ಕೂತಿರತ್ತೆ. ಯಾವುದೋ ಒಂದನ್ನ ಎತ್ಕೊಂಡು ಕಾದಂಬರಿ ಓದೋ ಹಾಗೆ ಓದಿ ಮುಗಿಸಿದ್ರೆ ಓದುವಾಗ ಎಲ್ಲಾ ಸರಿ ಅನ್ಸತ್ತೆ, ಒಂದು ವಾರ ಆದ್ಮೇಲೆ ಏನೂ ಉಳಿಯಲ್ಲ, ಇಲ್ಲಾಂದ್ರೆ ಇನ್ನೂ ಕೆಟ್ಟದ್ದು, ಯಾರದ್ದೋ ಪರಿಸ್ಥಿತಿಗೆ ಹೇಳಿದ ಮಾತನ್ನ ನಮ್ಮ ಸಾಲಕ್ಕೆ ಹಚ್ಚಿಬಿಡ್ತೀವಿ. ಅದಕ್ಕೇ ಈ ಪುಸ್ತಕಗಳನ್ನ ಓದೋಕೂ ಒಂದು ಕ್ರಮ ಬೇಕು ಅಂತ ನಾನು ಗಟ್ಟಿಯಾಗಿ ನಂಬಿದೀನಿ.

ಮೊದಲನೇ ಹೆಜ್ಜೆ: ಯಾಕೆ ಓದ್ತಿದೀವಿ ಅಂತ ತೀರ್ಮಾನ ಮಾಡ್ಕೊಳ್ಳಿ

ತಲೆ ಮೇಲೆ ಸಾಲ ಇದ್ದು ದಾರಿ ಹುಡುಕ್ತಾ ಇದ್ರೆ ಇತಿಹಾಸದ ದಪ್ಪ ಪುಸ್ತಕ ಈಗ್ಲೇ ಬೇಡ. ಮೊದಲು ಒಂದು ಹಾಳೆಯಲ್ಲಿ ಯಾರಿಗೆ ಎಷ್ಟು ಅಸಲು ಬಾಕಿ, ಬಡ್ಡಿ ದರ ಎಷ್ಟು, ತಿಂಗಳಿಗೆ ಎಷ್ಟು ಕಟ್ತಿದೀನಿ, ಇನ್ನೂ ಎಷ್ಟು ತಿಂಗಳಿದೆ, ಇಷ್ಟನ್ನ ಬರ್ಕೊಳ್ಳಿ. ಈ ಹಾಳೆ ಇಲ್ದೆ ಸಾಲ ತೀರಿಸೋ ಪುಸ್ತಕ ತೆಗೀಬೇಡಿ, ಯಾಕಂದ್ರೆ ಪ್ರತಿ ಅಧ್ಯಾಯದಲ್ಲೂ ಬರೋ ಸಲಹೆನ ಪರೀಕ್ಷೆ ಮಾಡೋಕೆ ನಿಮ್ಮ ಹತ್ರ ಇರೋ ಒಂದೇ ಆಧಾರ ಅದು. ಸಾಲದ ಒತ್ತಡ ಇಲ್ಲ, ಈ ವ್ಯವಸ್ಥೆ ಹೇಗೆ ನಡಿಯತ್ತೆ ಅಂತ ತಿಳ್ಕೊಳ್ಳೋ ಆಸೆ ಅಷ್ಟೇ ಅಂದ್ರೆ ಆರಾಮಾಗಿ ಇತಿಹಾಸದಿಂದ್ಲೇ ಶುರು ಮಾಡಿ, ಅದರ ರುಚಿನೇ ಬೇರೆ.

ಎರಡನೇ ಹೆಜ್ಜೆ: ಯಾರ ಕಡೆಯಿಂದ ಬರೆದಿದ್ದು ಅಂತ ನೋಡಿ

ಸಾಲ ಅಂದ್ಮೇಲೆ ಕೊಟ್ಟೋರು ಒಬ್ರು ತಗೊಂಡೋರು ಒಬ್ರು ಇದ್ದೇ ಇರ್ತಾರೆ, ಪುಸ್ತಕ ಬರೆದೋರು ಗೊತ್ತಿದ್ದೋ ಗೊತ್ತಿಲ್ದೆನೋ ಒಬ್ಬರ ಪಕ್ಕ ನಿಂತಿರ್ತಾರೆ. ಸರ್ವಜ್ಞನ ತ್ರಿಪದಿ ನೋಡಿ, ಸಾಲ ತಗೊಳ್ಳುವಾಗ ಹಾಲೋಗರ ಉಂಡ ಹಾಗೆ, ಕೊಟ್ಟೋನು ಬಂದು ಎಳೆಯುವಾಗ ಕಿಬ್ಬದಿಯ ಕೀಲು ಮುರಿದ ಹಾಗೆ ಅನ್ನೋದು ಪೂರ್ತಿ ತಗೊಂಡೋನ ಮೈಯಿಂದ ಬಂದ ಮಾತು. ಇದಕ್ಕೆ ತದ್ವಿರುದ್ಧ ಉದಾಹರಣೆ ಬೇಕು ಅಂದ್ರೆ ಜಾರ್ಜ್ ಕ್ಲೇಸನ್ ಅವರ ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್’ ತಗೊಳ್ಳಿ. ಇದು 1926ರಲ್ಲಿ ಪುಸ್ತಕ ಆಗೋಕೆ ಮುಂಚೆ ಹಳೇ ಬ್ಯಾಬಿಲಾನ್ ಊರಿನ ಕಥೆಗಳಿದ್ದ ಸಣ್ಣ ಸಣ್ಣ ಕೈಹೊತ್ತಿಗೆಗಳಾಗಿತ್ತು, ಅವನ್ನ ಬ್ಯಾಂಕುಗಳು, ಇನ್ಶೂರೆನ್ಸ್ ಕಂಪನಿಗಳು ತಮ್ಮ ಗ್ರಾಹಕರಿಗೆ ದೊಡ್ಡ ಸಂಖ್ಯೆಯಲ್ಲಿ ಹಂಚಿದ್ವು. ಅಷ್ಟಕ್ಕೇ ಪುಸ್ತಕ ಕೆಟ್ಟದ್ದು ಅಂತಲ್ಲ, ದುಡಿದಿದ್ದರಲ್ಲಿ ಹತ್ತನೇ ಒಂದು ಭಾಗ ಮೊದಲು ಎತ್ತಿಡಿ ಅನ್ನೋ ಅದರ ಮಾತು ಇವತ್ತಿಗೂ ಒಳ್ಳೇ ಮಾತೇ. ಆದ್ರೆ ಉಳಿಸೋರು, ಕಂತು ತಪ್ಪಿಸದೆ ಕಟ್ಟೋರು ಬೇಕಾಗಿದ್ದ ಸಂಸ್ಥೆಗಳು ಆ ಕಥೆಗಳನ್ನ ಹಂಚಿದ್ವು ಅಂತ ಗೊತ್ತಿದ್ರೆ, ಬಡ್ಡಿ ದರ ನ್ಯಾಯವಾಗಿದ್ಯಾ ಅನ್ನೋ ಪ್ರಶ್ನೆ ಎಷ್ಟು ಸಲ ಬರತ್ತೆ ಅಂತ ನೋಡ್ಕೊಂಡು ಓದ್ತೀರಾ.

ಮೂರನೇ ಹೆಜ್ಜೆ: ಪುಸ್ತಕದ ನಿಯಮಕ್ಕೆ ನಿಮ್ಮ ಅಂಕಿ ಹಾಕಿ

ಇದೇ ಮುಖ್ಯ ಹೆಜ್ಜೆ, ಇಲ್ಲಿ ಅವಸರ ಮಾಡ್ಬೇಡಿ.

ಅದೇ ಬ್ಯಾಬಿಲಾನ್ ಪುಸ್ತಕದಲ್ಲಿ ಸಾಲದಲ್ಲಿ ಮುಳುಗಿದೋರಿಗೆ ಒಂದು ಸೂತ್ರ ಇದೆ: ಸಂಪಾದನೆಯ ಹತ್ತರಲ್ಲಿ ಏಳು ಭಾಗದಲ್ಲಿ ಸಂಸಾರ ನಡೆಸಿ, ಎರಡು ಭಾಗ ಸಾಲಕ್ಕೆ ಕಟ್ಟಿ, ಒಂದು ಭಾಗ ಉಳಿಸಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ, ಈಗ ಅಂಕಿ ಹಾಕಿ ನೋಡಿ. ತಿಂಗಳ ಸಂಪಾದನೆ 20,000 ಅಂತಿಟ್ಕೊಳ್ಳಿ, ಸಾಲಕ್ಕೆ ಹೋಗೋದು 4,000. ಬಾಕಿ ಇರೋ ಸಾಲ 1,50,000, ಬಡ್ಡಿ ವರ್ಷಕ್ಕೆ ಶೇ 36, ಅಂದ್ರೆ ತಿಂಗಳಿಗೆ ಶೇ 3. ಮೊದಲ ತಿಂಗಳ ಬಡ್ಡಿನೇ 4,500 ಆಯ್ತು. ನೀವು 4,000 ಕಟ್ಟಿದ್ರೆ 500 ಕಮ್ಮಿ ಬಿತ್ತು, ಅದು ಅಸಲಿಗೆ ಸೇರ್ಕೊಂಡು ಮುಂದಿನ ತಿಂಗಳು 1,50,500ಕ್ಕೆ ಬಡ್ಡಿ ಬೀಳತ್ತೆ, ಹೀಗೆ ಪ್ರತಿ ತಿಂಗಳು ಶಿಸ್ತಾಗಿ ಕಟ್ತಾನೇ ಇದ್ರೂ ಸಾಲ ಬೆಳೀತಾನೇ ಹೋಗತ್ತೆ. ಅದೇ ಸಾಲ ಶೇ 12ಕ್ಕೆ ಸಿಕ್ಕಿದ್ದಿದ್ರೆ ಮೊದಲ ತಿಂಗಳ ಬಡ್ಡಿ 1,500, ಉಳಿದ 2,500 ಅಸಲಿಗೆ ಹೋಗ್ತಿತ್ತು, ಆಗ ಸೂತ್ರ ಕೆಲಸ ಮಾಡತ್ತೆ. ಅಂದ್ರೆ ಸೂತ್ರ ಸರಿನಾ ತಪ್ಪಾ ಅನ್ನೋದು ನಿಮ್ಮ ಶಿಸ್ತಿನ ಮೇಲೆ ನಿಂತಿಲ್ಲ, ಬಡ್ಡಿ ದರದ ಮೇಲೆ ನಿಂತಿದೆ. ಶೇ 36ರ ಸಾಲ ಇರೋರು ಈ ತರದ ಪುಸ್ತಕ ಓದಿ, ಇಷ್ಟೆಲ್ಲಾ ಮಾಡಿದ್ರೂ ಸಾಲ ತೀರ್ತಿಲ್ಲ, ನನ್ನಲ್ಲೇ ಏನೋ ದೋಷ ಇದೆ ಅಂತ ಕೊರಗೋದನ್ನ ನೋಡಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ. ಅವರು ಮೊದಲು ಮಾಡ್ಬೇಕಾಗಿರೋದು ಬಡ್ಡಿ ಇಳಿಸೋ ಪ್ರಯತ್ನ, ಅದಾಗದಿದ್ರೆ ಉಳಿತಾಯದ ಆ ಒಂದು ಭಾಗನೂ ಸಾಲಕ್ಕೇ ಹಾಕೋದು, ಯಾಕಂದ್ರೆ ಶೇ 36ರ ಸಾಲ ತೀರಿಸೋದಕ್ಕಿಂತ ಒಳ್ಳೇ ಉಳಿತಾಯ ಸಾಮಾನ್ಯವಾಗಿ ಎಲ್ಲೂ ಸಿಗಲ್ಲ.

ಇನ್ನೊಂದು ಲೆಕ್ಕ ಕಲಿತಿಟ್ಕೊಳ್ಳಿ. ಎಷ್ಟೋ ಪುಸ್ತಕಗಳು ಬಡ್ಡಿ ದರ ಅಂತ ಒಂದೇ ಮಾತಲ್ಲಿ ಹೇಳಿ ಮುಂದೆ ಹೋಗ್ತವೆ, ಆದ್ರೆ ಫ್ಲಾಟ್ ರೇಟ್ (ಕೊನೇವರೆಗೂ ಮೊದಲು ತಗೊಂಡ ಪೂರ್ತಿ ಸಾಲಕ್ಕೇ ಬಡ್ಡಿ) ಬೇರೆ, ರೆಡ್ಯೂಸಿಂಗ್ ಬ್ಯಾಲೆನ್ಸ್ (ಉಳಿದ ಬಾಕಿಗೆ ಮಾತ್ರ ಬಡ್ಡಿ) ಬೇರೆ. 12,000 ಸಾಲ, 12 ತಿಂಗಳು, ಫ್ಲಾಟ್ ಶೇ 12 ಅಂದ್ರೆ ಬಡ್ಡಿ 1,440, ಒಟ್ಟು 13,440, ತಿಂಗಳಿಗೆ 1,120 ಕಂತು. ಶೇ 12 ತಾನೇ ಅಂತ ಅನ್ಸತ್ತೆ, ಆದ್ರೆ ಆರು ಕಂತು ಕಟ್ಟಿದ್ಮೇಲೆ ನಿಮ್ಮ ಕೈಲಿ ಉಳಿದಿರೋದು ಹೆಚ್ಚು ಕಮ್ಮಿ ಅರ್ಧ ಸಾಲ, ಬಡ್ಡಿ ಮಾತ್ರ ಪೂರ್ತಿ 12,000ಕ್ಕೇ ಬೀಳ್ತಾ ಇರತ್ತೆ. ಉಳಿದ ಬಾಕಿ ಮೇಲೆ ಮಾತ್ರ ಲೆಕ್ಕ ಹಾಕಿದ್ರೆ ಇದು ವರ್ಷಕ್ಕೆ ಸುಮಾರು ಶೇ 21.5 ಆಗತ್ತೆ. ಯಾವ ಪುಸ್ತಕ ಈ ವ್ಯತ್ಯಾಸ ಬಿಡಿಸಿ ಹೇಳತ್ತೋ ಅದನ್ನ ನಂಬಿಕೆಯಿಂದ ಓದ್ಬಹುದು.

ಚಕ್ರಬಡ್ಡಿಗೆ 72ರ ಸೂತ್ರ ಸಾಕು: 72ನ್ನ ಬಡ್ಡಿ ದರದಿಂದ ಭಾಗಿಸಿದ್ರೆ ದುಡ್ಡು ಸುಮಾರು ಎಷ್ಟು ವರ್ಷಕ್ಕೆ ಎರಡರಷ್ಟಾಗತ್ತೆ ಅಂತ ಬರತ್ತೆ, ಶೇ 12ಕ್ಕೆ 6 ವರ್ಷ. ದರ ತುಂಬಾ ಜಾಸ್ತಿ ಇದ್ರೆ ಸ್ವಲ್ಪ ತಪ್ಪತ್ತೆ, ಅಂದಾಜಿಗೆ ಅಡ್ಡಿ ಇಲ್ಲ.

ನಾಲ್ಕನೇ ಹೆಜ್ಜೆ: ಇತಿಹಾಸದ ಪುಸ್ತಕನ ಜೋಡಿಯಾಗಿ ಓದಿ

ದುಡ್ಡು ಹೇಗೆ ಹುಟ್ತು ಅಂತ ನಮಗೆಲ್ಲ ಶಾಲೆಯಲ್ಲಿ ಹೇಳಿದ ಕಥೆ ಒಂದೇ, ಮೊದಲು ವಸ್ತು ವಿನಿಮಯ ಇತ್ತು, ಅದರಲ್ಲಿ ತೊಂದರೆ ಆಗ್ತಿತ್ತು, ಆಮೇಲೆ ನಾಣ್ಯ ಬಂತು, ಕೊನೆಗೆ ಸಾಲ ಬಂತು. ಈ ಕಥೆ ಇಷ್ಟು ಗಟ್ಟಿಯಾಗೋಕೆ ಆಡಂ ಸ್ಮಿತ್ ಅವರ 1776ರ ‘ವೆಲ್ತ್ ಆಫ್ ನೇಷನ್ಸ್’ ದೊಡ್ಡ ಕಾರಣ. ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 2011ರಲ್ಲಿ ಬರೆದ ‘ಡೆಟ್: ದಿ ಫಸ್ಟ್ 5000 ಇಯರ್ಸ್’ ಈ ಕ್ರಮನೇ ತಿರುಗುಮುರುಗು ಅನ್ನತ್ತೆ. ಮೆಸೊಪೊಟೇಮಿಯಾದ (ಇವತ್ತಿನ ಇರಾಕ್ ಸುತ್ತಮುತ್ತ) ಮಣ್ಣಿನ ಹಲಗೆಗಳಲ್ಲಿ ಬೆಳ್ಳಿ ಲೆಕ್ಕದಲ್ಲಿ ಬಾಕಿ ಬರೆದಿಟ್ಟು, ತೀರಿಸುವಾಗ ಬಾರ್ಲಿ ಕೊಡ್ತಿದ್ರು, ಅಂದ್ರೆ ನಾಣ್ಯ ಬರೋಕೆ ಎಷ್ಟೋ ಶತಮಾನ ಮುಂಚೆನೇ ಸಾಲದ ಲೆಕ್ಕ ಇತ್ತು, ಪರಿಚಯದೋರ ಮಧ್ಯೆ ಶುದ್ಧ ವಸ್ತು ವಿನಿಮಯದ ಮೇಲೇ ನಡೆದ ಸಮಾಜ ಎಲ್ಲೂ ಸಿಕ್ಕಿಲ್ಲ ಅನ್ನೋದು ಅವರ ವಾದ. ಈ ಯೋಚನೆ ಅವರಿಂದ್ಲೇ ಶುರುವಾಗಿದ್ದಲ್ಲ, ಆಲ್ಫ್ರೆಡ್ ಮಿಚೆಲ್ ಇನ್ನೆಸ್ ಅನ್ನೋ ಬ್ರಿಟಿಷ್ ರಾಜತಾಂತ್ರಿಕರು 1913 ಮತ್ತು 1914ರಲ್ಲೇ ಎರಡು ಲೇಖನಗಳಲ್ಲಿ ದುಡ್ಡು ಅಂದ್ರೆ ಮೂಲದಲ್ಲಿ ಸಾಲವೇ ಅಂತ ಬರೆದಿದ್ರು.

ಓದುವಾಗ ಹೀಗೆ ಮಾಡಿ: ಒಂದು ಪುಟನ ಎರಡು ಭಾಗ ಮಾಡಿ, ಎಡಗಡೆ ಲೇಖಕರು ಹೇಳಿದ ಮಾತು, ಬಲಗಡೆ ಅದಕ್ಕೆ ಕೊಟ್ಟ ಸಾಕ್ಷಿ. ಸಾಕ್ಷಿ ಹಲಗೆನಾ, ಕಾನೂನಾ, ಪ್ರವಾಸಿಯ ಬರಹನಾ, ಇಲ್ಲಾ ಲೇಖಕರ ಊಹೆನಾ ಅಂತ ಬರೀರಿ. ಗ್ರೇಬರ್ ಪುಸ್ತಕ ನನಗೆ ತುಂಬಾ ಇಷ್ಟ, ಪ್ರಾಚೀನ ಕಾಲದ ಬಗ್ಗೆ ಬಲಗಡೆ ತುಂಬ್ತಾ ಹೋಗತ್ತೆ, ಇತ್ತೀಚಿನ ದಶಕಗಳಿಗೆ ಬಂದಾಗ ಎಡಗಡೆ ಮಾತ್ರ ಉದ್ದ ಆಗತ್ತೆ. ಅದರ ಜೊತೆಗೆ ಇತಿಹಾಸಕಾರ ನೀಲ್ ಫರ್ಗುಸನ್ ಅವರ 2008ರ ‘ದಿ ಅಸೆಂಟ್ ಆಫ್ ಮನಿ’ ಓದಿದ್ರೆ ಬ್ಯಾಂಕು, ಬಾಂಡು, ಇನ್ಶೂರೆನ್ಸ್ ಇವೆಲ್ಲ ಮನುಷ್ಯರನ್ನ ಮುಂದೆ ತಂದ್ವು ಅನ್ನೋ ಇನ್ನೊಂದು ಮಗ್ಗುಲು ಸಿಗತ್ತೆ. ಎರಡೂ ಓದಿದ್ಮೇಲೆ ಯಾವುದೋ ಒಂದರ ಪರ ನಿಲ್ಲಲೇಬೇಕು ಅಂತೇನಿಲ್ಲ.

ಐದನೇ ಹೆಜ್ಜೆ: ಒಂದೇ ಅಂಕಿ ಮೇಲೆ ನಿಂತ ವಾದ ಕಂಡ್ರೆ ಅಲ್ಲೇ ನಿಲ್ಲಿ

ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೊಗಾಫ್ ಅವರ 2009ರ ‘ದಿಸ್ ಟೈಮ್ ಈಸ್ ಡಿಫರೆಂಟ್’ ಎಂಟು ಶತಮಾನಗಳ ಹಣಕಾಸು ಬಿಕ್ಕಟ್ಟುಗಳ ಪುಸ್ತಕ, ಬೆಲೆ ಕಟ್ಟೋಕಾಗದಷ್ಟು ಮಾಹಿತಿ ಇದೆ ಅದರಲ್ಲಿ. ಇದೇ ಇಬ್ರು 2010ರಲ್ಲಿ ಬರೆದ ಒಂದು ಲೇಖನದಲ್ಲಿ, ದೇಶದ ಸಾಲ ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪಾದನೆ) ಶೇ 90 ದಾಟಿದ್ರೆ ಬೆಳವಣಿಗೆ ಕುಸಿಯತ್ತೆ, ಮುಂದುವರಿದ ದೇಶಗಳಲ್ಲಿ ಎರಡನೇ ಮಹಾಯುದ್ಧದ ನಂತರದ ಸರಾಸರಿ ಮೈನಸ್ ಶೇ 0.1 ಅಂತ ತೋರಿಸಿದ್ರು. ಖರ್ಚು ಕಡಿತ ಮಾಡ್ಬೇಕು ಅಂತಿದ್ದ ರಾಜಕಾರಣಿಗಳು ಆ 90ನ್ನ ಹಿಡ್ಕೊಂಡು ಓಡಾಡಿದ್ರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಮೂಲ ಎಕ್ಸೆಲ್ ಶೀಟ್ ತರಿಸ್ಕೊಂಡು ನೋಡಿದ್ರೆ ಸರಾಸರಿ ತೆಗೆಯೋ ಫಾರ್ಮುಲಾದಲ್ಲಿ ಐದು ದೇಶಗಳು ಬಿಟ್ಟೇಹೋಗಿದ್ವು, ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್. ಅವರು ಮೈಕಲ್ ಆಶ್, ರಾಬರ್ಟ್ ಪೋಲಿನ್ ಜೊತೆ ಸೇರಿ ಇದನ್ನೂ, ಬಿಟ್ಟುಹೋದ ಬೇರೆ ಮಾಹಿತಿ ಮತ್ತು ಸರಾಸರಿ ತೆಗೆದ ವಿಧಾನನೂ ಸರಿ ಮಾಡಿದಾಗ ಬಂದಿದ್ದು ಪ್ಲಸ್ ಶೇ 2.2. ಮೂಲ ಲೇಖಕರು ಎಕ್ಸೆಲ್ ತಪ್ಪು ಒಪ್ಕೊಂಡ್ರು, ಉಳಿದ ಟೀಕೆ ಒಪ್ಪಲಿಲ್ಲ.

ಹಾಗಂತ 2009ರ ಪುಸ್ತಕನ ಬದಿಗೆ ಎಸೀಬೇಡಿ, ತಪ್ಪು ಇದ್ದಿದ್ದು 2010ರ ಲೇಖನದಲ್ಲಿ. ಪುಸ್ತಕದಲ್ಲಿ ಇಂಥ ಗೆರೆ, ಇಂಥ ಶೇಕಡಾ ಬಂದಾಗ ಎಷ್ಟು ದೇಶ, ಯಾವ ವರ್ಷಗಳು, ಸರಾಸರಿ ಹೇಗೆ ತೆಗೆದ್ರು, ಸಾಲದಿಂದ ಬೆಳವಣಿಗೆ ಕುಸೀತಾ ಅಥವಾ ಬೆಳವಣಿಗೆ ಕುಸಿದು ಸಾಲ ಹೆಚ್ಚಾಯ್ತಾ ಅಂತ ಪುಟದ ಅಂಚಲ್ಲಿ ಬರ್ಕೊಳ್ಳಿ.

ಆರನೇ ಹೆಜ್ಜೆ ಚಿಕ್ಕದು. ಬ್ಯಾಂಕು ಸಾಲ ಹೇಗೆ ಕೊಡತ್ತೆ ಅಂತ ಪುಸ್ತಕ ವಿವರಿಸೋ ಪುಟ ಹುಡುಕಿ. ಒಬ್ಬರು ಇಟ್ಟ ಠೇವಣಿನ ಇನ್ನೊಬ್ಬರಿಗೆ ದಾಟಿಸತ್ತೆ ಅಷ್ಟೇ ಅಂತಿದ್ರೆ ಅದು ಅರ್ಧ ಚಿತ್ರ. ಬ್ರಿಟನ್ನಿನ ಕೇಂದ್ರ ಬ್ಯಾಂಕು, ಬ್ಯಾಂಕ್ ಆಫ್ ಇಂಗ್ಲೆಂಡ್, ತನ್ನ 2014ರ ತ್ರೈಮಾಸಿಕ ಪತ್ರಿಕೆಯಲ್ಲೇ ಬಿಡಿಸಿ ಹೇಳಿದೆ, ಸಾಲ ಮಂಜೂರಾದಾಗ ಬ್ಯಾಂಕು ಗ್ರಾಹಕರ ಖಾತೆಯಲ್ಲಿ ಹೊಸ ಠೇವಣಿ ಬರೀತದೆ, ಆ ಕ್ಷಣಕ್ಕೆ ಹೊಸ ದುಡ್ಡು ಹುಟ್ಟತ್ತೆ, ಸಾಲ ತೀರಿಸಿದಾಗ ಅಳಿಯತ್ತೆ. ಬ್ಯಾಂಕು ತನ್ನದೇ ಇಷ್ಟು ಬಂಡವಾಳ ಇಟ್ಕೊಂಡಿರ್ಬೇಕು ಅನ್ನೋ ನಿಯಮ, ಕೇಂದ್ರ ಬ್ಯಾಂಕಿನ ಬಡ್ಡಿ ದರ, ಸಾಲ ವಾಪಸ್ ಬರೋ ಭರವಸೆ ಇವು ಅದಕ್ಕೆ ಮಿತಿ ಹಾಕ್ತವೆ. ಆ ಲೇಖನ ಕೆಲವೇ ಪುಟ, ಯಾವ ದಪ್ಪ ಪುಸ್ತಕಕ್ಕೂ ಮುಂಚೆ ಓದ್ಬಹುದು.

ಕೊನೆಯ ಹೆಜ್ಜೆ: ಹಳೇ ಕಾನೂನುಗಳನ್ನ ಓದಿ, ಆಮೇಲೆ ನಿಮ್ಮ ಸಾಲದ ಪತ್ರ ಓದಿ

ಹಳೇ ಗ್ರಂಥಗಳು ಅಂದ್ರೆ ಒಣಕಲು ಅಂತ ಅನ್ಕೋಬೇಡಿ. ಬ್ಯಾಬಿಲಾನಿನ ರಾಜ ಹಮ್ಮುರಾಬಿಯ ಕಾನೂನುಗಳ, ಅಂದ್ರೆ ಸುಮಾರು ಕ್ರಿ.ಪೂ. 1750ರ ಹಮ್ಮುರಾಬಿ ಸಂಹಿತೆಯ 48ನೇ ನಿಯಮ ನೋಡಿ: ಸಾಲ ಇರೋ ರೈತನ ಹೊಲ ಪ್ರವಾಹಕ್ಕೆ ಸಿಕ್ಕಿದ್ರೆ ಅಥವಾ ನೀರಿಲ್ದೆ ಬೆಳೆ ಹೋದ್ರೆ ಆ ವರ್ಷ ಧಾನ್ಯ ಕೊಡ್ಬೇಕಾಗಿಲ್ಲ, ಸಾಲದ ಹಲಗೆನ ನೀರಲ್ಲಿ ನೆನೆಸಿ ತಿದ್ಬಹುದು, ಆ ವರ್ಷದ ಬಡ್ಡಿನೂ ಇಲ್ಲ. 117ನೇ ನಿಯಮದಲ್ಲಿ ಸಾಲಕ್ಕಾಗಿ ಹೆಂಡತಿ ಮಕ್ಕಳನ್ನ ದುಡಿಮೆಗೆ ಕೊಟ್ಟಿದ್ರೆ ಮೂರು ವರ್ಷ ದುಡೀಬೇಕು, ನಾಲ್ಕನೇ ವರ್ಷ ಬಿಡುಗಡೆ. ಅದೇ ಕೈಯಲ್ಲಿ ಕರುಣೆ, ಅದೇ ಕೈಯಲ್ಲಿ ಈ ಕ್ರೌರ್ಯ, ಎರಡನ್ನೂ ಒಟ್ಟಿಗೇ ಓದ್ಬೇಕು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂರು ಪಣಕ್ಕೆ (ಪಣ ಅಂದ್ರೆ ಆಗಿನ ನಾಣ್ಯ) ತಿಂಗಳಿಗೆ ಒಂದೂಕಾಲು ಪಣ ಧರ್ಮಬಡ್ಡಿ, ಅಂದ್ರೆ ನ್ಯಾಯವಾದ ಬಡ್ಡಿ, ವ್ಯಾಪಾರಕ್ಕೆ ಐದು, ಕಾಡು ದಾಟೋ ವ್ಯಾಪಾರಿಗೆ ಹತ್ತು, ಸಮುದ್ರ ದಾಟೋರಿಗೆ ಇಪ್ಪತ್ತು ಅಂತ ಇದೆ. ದಾರಿ ಎಷ್ಟು ಅಪಾಯದ್ದೋ ಬಡ್ಡಿ ಅಷ್ಟು ಜಾಸ್ತಿ. ಇವು ಕಾನೂನು ಹೇಳಿದ ಮಾತು, ಜನ ಹಾಗೇ ನಡ್ಕೊಂಡ್ರು ಅನ್ನೋಕೆ ಬೇರೆ ಸಾಕ್ಷಿ ಬೇಕು ಅನ್ನೋದು ನೆನಪಿರ್ಲಿ.

ಈ ನಿಯಮಗಳನ್ನ ಓದಿದ್ಮೇಲೆ ಕೇಳ್ಬೇಕಾದ ಪ್ರಶ್ನೆಗಳು ತಾನಾಗೇ ಹುಟ್ತವೆ: ನಷ್ಟ ಆದ್ರೆ ಯಾರ ತಲೆ ಮೇಲೆ, ಅಪಾಯಕ್ಕೆ ಎಷ್ಟು ಬಡ್ಡಿ, ಕಟ್ಟೋಕಾಗದೇ ಇದ್ರೆ ಏನಾಗತ್ತೆ. ಈಗ ನಿಮ್ಮದೇ ಸಾಲದ ಪತ್ರ ತೆಗೆದು ಇದೇ ಪ್ರಶ್ನೆ ಹಿಡ್ಕೊಂಡು ಓದಿ. ಬಡ್ಡಿ ಫ್ಲಾಟಾ ರೆಡ್ಯೂಸಿಂಗಾ, ದರ ಮಧ್ಯದಲ್ಲಿ ಏರ್ಬಹುದಾ, ಕಂತು ತಪ್ಪಿದ್ರೆ ದಂಡ ಬರೀ ಆ ಕಂತಿನ ಮೇಲಾ ಪೂರ್ತಿ ಬಾಕಿ ಮೇಲಾ, ಮುಂಚೆನೇ ತೀರಿಸಿದ್ರೆ ಶುಲ್ಕ ಇದ್ಯಾ, ಪ್ರೊಸೆಸಿಂಗ್ ಫೀನ ಕೊಡೋ ದುಡ್ಡಲ್ಲೇ ಹಿಡ್ಕೋತಾರಾ, ಹಿಡ್ಕೊಂಡ್ರೂ ಬಡ್ಡಿ ಪೂರ್ತಿ ಮೊತ್ತಕ್ಕೇ ಬೀಳತ್ತಾ. ಪ್ರತಿ ಉತ್ತರದ ಮುಂದೆ ಪುಟದ ನಂಬರ್ ಬರೀರಿ, ಉತ್ತರ ಸಿಗದ ಪ್ರಶ್ನೆನ ಸಾಲ ಕೊಟ್ಟೋರಿಗೆ ಬರವಣಿಗೆಯಲ್ಲೇ ಕೇಳಿ, ಅವರ ಉತ್ತರನೂ ಬರವಣಿಗೆಯಲ್ಲೇ ತಗೊಳ್ಳಿ.