ಸುರಂಗ ಅಳೆಯಲು ಥರ್ಮಾಮೀಟರ್ ಯಾಕೆ ಬೇಕು?

ಚಿನ್ನದ ಗಣಿಯೊಳಗೆ ನನ್ನ ಕೆಲಸ ಕನ್ವರ್ಜೆನ್ಸ್ ಅಳೆಯುವುದು. ಡ್ರೈವ್‌ನ, ಅಂದರೆ ಗಣಿಯೊಳಗಿನ ಅಡ್ಡ ಸುರಂಗದ, ಎದುರುಬದುರು ಗೋಡೆಗಳು ಎಷ್ಟು ಹತ್ತಿರ ಸರಿಯುತ್ತಿವೆ ಎಂದು ನೋಡುವ ಕೆಲಸ. ಕಲ್ಲಿನಲ್ಲಿ ತೂತು ಕೊರೆದು, ಸಿಮೆಂಟ್ ತುಂಬಿ ಕೊಕ್ಕೆ ಕೂರಿಸುತ್ತೇವೆ. ಎರಡು ಕೊಕ್ಕೆಗಳ ನಡುವೆ ಉಕ್ಕಿನ ಟೇಪ್ ಎಕ್ಸ್‌ಟೆನ್ಸೋಮೀಟರ್ (ಅಂತರದ ಸಣ್ಣ ಬದಲಾವಣೆ ಅಳೆಯುವ ಉಪಕರಣ) ಕಟ್ಟಿ, ಸ್ಪ್ರಿಂಗ್‌ನ ಎಳೆತವನ್ನು ಪ್ರತಿಸಲ ಅದೇ ಗುರುತಿಗೆ ತಂದು ಡಯಲ್ ಓದಬೇಕು. ನಾನು ಐದು ಸಲ ಬಿಚ್ಚಿ, ಮತ್ತೆ ಸಿಕ್ಕಿಸಿ ಓದಿ ಸರಾಸರಿ ಬರೆದುಕೊಳ್ಳುತ್ತೇನೆ.

ಮೊದಲ ದಿನ ನೇರ ಟೇಪಿಗೇ ಕೈಹಾಕಿದ್ದೆ. ಕೆಲಸಗಾರರ ಮೇಲ್ವಿಚಾರಕ ಮೇಟ್ ತಡೆದರು. "ತಡೀರಿ ಸಾಹೇಬ್ರ, ಮೊದ್ಲ ಮ್ಯಾಲೆ ಬಡದು ನೋಡೂನು." ಉದ್ದನೆಯ ಹಾರೆಯಿಂದ ಚಾವಣಿ ಬಡಿದರು. ಗಟ್ಟಿ ಕಲ್ಲು ಟಣ್ ಅನ್ನುತ್ತದೆ, ಬಿಟ್ಟುಕೊಂಡ ಕಲ್ಲು ಪೊಳ್ಳಾಗಿ ದಬ್ ಅನ್ನುತ್ತದೆ. ಅವತ್ತು ದಬ್ ಅಂದಿತು. ಅದನ್ನು ಕೆಡವಿದ ಮೇಲೆಯೇ ಒಳಗೆ ಹೋದೆವು. ಆ ಕಿವಿಯನ್ನು ನಾನು ಯಾವ ಉಪಕರಣಕ್ಕೂ ಕಡಿಮೆ ಎಣಿಸುವುದಿಲ್ಲ.

ಒಂದು ಸೋಮವಾರ ಅಳತೆಯ ಮೂರೂ ಸ್ಟೇಷನ್‌ಗಳಲ್ಲಿ ಗೋಡೆ ಸರಿದಂತೆ ಕಂಡಿತು. ಗಾಬರಿಯಿಂದ ಮೇಲಿನವರಿಗೆ ತಿಳಿಸಿದೆ. ರಾತ್ರಿ ಗ್ರಾಫ್ ಹಾಕುವಾಗ ಅನುಮಾನ ಬಂತು: ಕೊಕ್ಕೆಯಿಂದ ಕೊಕ್ಕೆಗೆ 4 ಮೀಟರಿನ ಗೆರೆಯಲ್ಲಿ 0.23 ಮಿ.ಮೀ., 3 ಮೀಟರಿನದರಲ್ಲಿ 0.17. ಸರಿತ ಗೆರೆಯ ಉದ್ದಕ್ಕೆ ತಕ್ಕಂತೆ ಇದೆ! ಕಲ್ಲು ಹಾಗೆ ಲೆಕ್ಕ ಇಟ್ಟುಕೊಂಡು ಸರಿಯುವುದಿಲ್ಲ. ಭಾನುವಾರ ಫ್ಯಾನ್ ನಿಂತಿತ್ತು, ಒಳಗೆ ಸುಮಾರು 5 ಡಿಗ್ರಿ ಸೆಕೆ ಏರಿತ್ತು. ಉಕ್ಕು ಮೀಟರಿಗೆ, ಡಿಗ್ರಿಗೆ ಸುಮಾರು 0.0115 ಮಿ.ಮೀ. ಹಿಗ್ಗುತ್ತದೆ, 4 ಮೀಟರಿಗೆ, 5 ಡಿಗ್ರಿಗೆ ಗುಣಿಸಿದರೆ ಅದೇ 0.23. ಹಿಗ್ಗಿದ್ದು ಟೇಪು. ಮರುದಿನ ಬೆಳಗ್ಗೆ ಹೋಗಿ ತಪ್ಪು ಒಪ್ಪಿಕೊಂಡೆ.

ಈಗ ಟೇಪನ್ನು ಹತ್ತು ನಿಮಿಷ ಅಲ್ಲೇ ಗಾಳಿಗೆ ಬಿಟ್ಟು, ಉಷ್ಣಾಂಶ ಬರೆದುಕೊಂಡ ಮೇಲೆಯೇ ಓದುತ್ತೇನೆ. ಒಂದು ದಿನದ ಅಂಕಿಯನ್ನು ನಂಬುವುದಿಲ್ಲ. ದಿನಕ್ಕೆ ಎಷ್ಟು ಎಂಬ ವೇಗ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ನೋಡುತ್ತೇನೆ. ಕೋಲಾರದ ಗಣಿಗಳು 3 ಕಿ.ಮೀ.ಗಿಂತ ಆಳಕ್ಕೆ ಇಳಿದಿದ್ದವು. ಅಂಥ ಆಳದ ಗಟ್ಟಿ ಕಲ್ಲು ಸಿಡಿಯುವ ಮುನ್ನ ಟೇಪಿಗೆ ಸುಳಿವೇ ಸಿಗದಿರಬಹುದು, ಅಲ್ಲಿಗೆ ಕಲ್ಲಿನ ಕಂಪನ ಹಿಡಿಯುವ ಜಿಯೋಫೋನ್‌ಗಳು ಬೇಕು.

ಹೊಸಬರಿಗೆ ಒಂದು ಮಾತು: ಬ್ಲಾಸ್ಟ್ ಆಗಿ, ಜಾಗ ಸುರಕ್ಷಿತ ಎಂದಾದ ಕೂಡಲೇ, ಸುರಂಗದ ಮುಖದ (ಅಗೆತ ಸಾಗುತ್ತಿರುವ ತುದಿಯ) ಹತ್ತಿರವೇ ಮೊದಲ ರೀಡಿಂಗ್ ತೆಗೆದುಕೊಳ್ಳಿ. ತಡ ಮಾಡಿದರೆ ಅಷ್ಟರೊಳಗೆ ಸರಿದದ್ದು ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ.