ಹಲಗೆಗೆ ತೂಗುಬಿದ್ದು ರಂಗೋಲಿ ಬಿಡಿಸುವ ರೋಬೊ: ಮನೆಯಲ್ಲೇ ಮಾಡುವುದು ಹೇಗೆ?

ಎರಡು ಮೋಟಾರು, ಎರಡು ಬೆಲ್ಟು, ನಡುವೆ ತೂಗುವ ಒಂದು ಪೆನ್ನು. ಹಲಗೆಯ ಮೇಲಿನ ಎರಡು ಮೂಲೆಗಳಿಂದ ಬೆಲ್ಟನ್ನು ಎಳೆಯುತ್ತ, ಸಡಿಲಿಸುತ್ತ ಹೋದರೆ ಪೆನ್ನು ಬೇಕಾದ ಜಾಗಕ್ಕೆ ಬರುತ್ತದೆ. ಸ್ವಿಸ್ ವಿನ್ಯಾಸಕ ಯುರ್ಗ್ ಲೇನಿ ಮತ್ತು ಎಂಜಿನಿಯರ್ ಉಲಿ ಫ್ರಾಂಕೆ 2002ರಲ್ಲಿ ಇದೇ ತತ್ವದ ಮೇಲೆ, ಗೋಡೆಗೆ ಸ್ಪ್ರೇ ಬಣ್ಣದಲ್ಲಿ ಚಿತ್ರ ಬರೆಯುವ ‘ಹೆಕ್ಟರ್’ ಯಂತ್ರ ಮಾಡಿದ್ದರು. ಅಗ್ಗದ ಮೋಟಾರಿನ ಗೇರುಗಳಲ್ಲಿ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಮೇಜಿನ ಮೇಲೆ ಓಡುವ ಯಂತ್ರದಲ್ಲಿ ಅದು ಪ್ರತಿ ತಿರುವಿನಲ್ಲೂ ಸೊಟ್ಟಗೆರೆಯಾಗಿ ಕಾಣಿಸುತ್ತದೆ. ತೂಗುವ ಯಂತ್ರದಲ್ಲಿ ಪೆನ್ನಿನ ಭಾರ ಬೆಲ್ಟನ್ನು ಸದಾ ಒಂದೇ ಕಡೆಗೆ ಜಗ್ಗುವುದರಿಂದ ಆ ದೋಷ ಮರೆಯಾಗುತ್ತದೆ. ಮೊದಲ ಬಾರಿಗೆ ಮಾಡುವವರು ಇದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿನ ಅಳತೆಗಳೆಲ್ಲ ಎ3 ಹಾಳೆಗೆ.

ಬೇಕಾದ ಸಾಮಾನು

3 ಅಡಿ ಅಗಲ, 4 ಅಡಿ ಎತ್ತರ, 12 ಮಿ.ಮೀ. ದಪ್ಪದ ಪ್ಲೈವುಡ್, 25 ಮಿ.ಮೀ. ವೈರಿಂಗ್ ಪೈಪಿನ ಗೇಣುದ್ದದ ತುಂಡು, ನಟ್ಟು, ಸ್ಕ್ರೂ. ಇವು ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತವೆ. ಉಳಿದದ್ದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಆನ್‌ಲೈನ್: 28ಬಿವೈಜೆ-48 ಸ್ಟೆಪ್ಪರ್ ಮೋಟಾರು ಎರಡು (ಎಣಿಸಿದಷ್ಟು ಸಣ್ಣ ಹೆಜ್ಜೆಗಳಲ್ಲಿ ತಿರುಗುವ ಮೋಟಾರು, 5 ವೋಲ್ಟಿನದು), ಯುಎಲ್‌ಎನ್2003 ಡ್ರೈವರ್ ಬೋರ್ಡು ಎರಡು (ಮೋಟಾರಿಗೆ ಕರೆಂಟ್ ಹಾಯಿಸಲು), ಆರ್ಡುಯಿನೊ ಊನೊ ಆರ್3 ಒಂದು (ಮೋಟಾರುಗಳಿಗೆ ಆದೇಶ ಕೊಡುವ ಪುಟ್ಟ ಕಂಪ್ಯೂಟರ್ ಬೋರ್ಡು), ಎಸ್‌ಜಿ90 ಸರ್ವೊ ಒಂದು (ಹೇಳಿದ ಕೋನಕ್ಕೆ ಕೈ ತಿರುಗಿಸುವ ಪುಟ್ಟ ಮೋಟಾರು), 20 ಹಲ್ಲಿನ ಜಿಟಿ2 ಪುಲ್ಲಿ ಎರಡು (2 ಮಿ.ಮೀ.ಗೆ ಒಂದು ಹಲ್ಲು, 5 ಮಿ.ಮೀ. ತೂತಿನದು), ಜಿಟಿ2 ಬೆಲ್ಟು ಎರಡೂವರೆ ಮೀಟರ್, 6805 ಬೇರಿಂಗ್ ಎರಡು.

ಮೋಟಾರು ಕೂರಿಸುವುದು

ಹಲಗೆಯ ಮೇಲಂಚಿನಿಂದ 5 ಸೆಂ.ಮೀ. ಕೆಳಗೆ 29 ಮಿ.ಮೀ.ನ ಎರಡು ತೂತು ಕೊರೆದು, ವೈರು ಹೊರಡುವ ಉಬ್ಬಿಗೂ ಜಾಗ ಕೆತ್ತಿ, ಮೋಟಾರನ್ನು ಮುಂದಿನಿಂದ ಒಳಕ್ಕೆ ತೂರಿಸಿ, ಕಿವಿಗಳಿಗೆ ಸ್ಕ್ರೂ ಹಾಕಿ. ಈ ಮೋಟಾರಿನ ಶಾಫ್ಟು (ತಿರುಗುವ ಕಡ್ಡಿ) ನಟ್ಟನಡುವೆ ಇಲ್ಲ, 8 ಮಿ.ಮೀ. ಪಕ್ಕಕ್ಕಿದೆ. ಹಾಗಾಗಿ ಅಳೆಯಬೇಕಾದದ್ದು ತೂತಿನಿಂದ ತೂತಿಗಲ್ಲ, ಶಾಫ್ಟಿನಿಂದ ಶಾಫ್ಟಿಗೆ. ಅದು ಸರಿಯಾಗಿ 800 ಮಿ.ಮೀ. ಇರಲಿ, ಎರಡು ಶಾಫ್ಟೂ ಒಂದೇ ಮಟ್ಟದಲ್ಲಿರಲಿ. ಕಾಗದವನ್ನು ನಡುವೆ ನಿಲ್ಲಿಸಿ, ಅದರ ಮೇಲಂಚು ಶಾಫ್ಟಿನ ಮಟ್ಟಕ್ಕಿಂತ 250 ಮಿ.ಮೀ. ಕೆಳಗೆ ಬರುವಂತೆ ಅಂಟಿಸಿ. ಇನ್ನೂ ಮೇಲೆ ಅಂಟಿಸುವ ಆಸೆ ಬೇಡ. ಬೆಲ್ಟುಗಳು ಮಲಗಿದಷ್ಟೂ ಅವುಗಳ ಮೇಲಿನ ಎಳೆತ ಏರುತ್ತದೆ: ಅಡ್ಡಗೆರೆಗೆ 30 ಡಿಗ್ರಿ ಇದ್ದಾಗ ಒಂದೊಂದು ಬೆಲ್ಟಿನ ಮೇಲೂ ಪೆನ್ನಿನ ಪೂರ್ತಿ ಭಾರದಷ್ಟು ಎಳೆತ, 10 ಡಿಗ್ರಿಗೆ ಬಂದರೆ ಅದರ ಸುಮಾರು ಮೂರರಷ್ಟು.

ಪೆನ್ನಿನ ತೊಟ್ಟಿಲು

ಎರಡೂ ಬೆಲ್ಟು ಪೆನ್ನಿನ ತುದಿಯತ್ತಲೇ ಎಳೆಯಬೇಕು. ಬೇರೆ ಬೇರೆ ಜಾಗಕ್ಕೆ ಕಟ್ಟಿದರೆ ತೊಟ್ಟಿಲು ವಾಲುತ್ತದೆ, ಲೆಕ್ಕ ತಪ್ಪುತ್ತದೆ. ಅದಕ್ಕೇ ಬೇರಿಂಗ್. 6805ರ ಒಳವ್ಯಾಸ 25 ಮಿ.ಮೀ.; ವೈರಿಂಗ್ ಪೈಪನ್ನು ಉಪ್ಪುಕಾಗದದಿಂದ ತುಸು ಉಜ್ಜಿದರೆ ಬಿಗಿಯಾಗಿ ಕೂರುತ್ತದೆ. ಎರಡು ಬೇರಿಂಗನ್ನೂ ಒಂದರ ಮೇಲೊಂದು ತೂರಿಸಿ, ಒಂದೊಂದರ ಹೊರಬಳೆಗೆ ಒಂದೊಂದು ಬೆಲ್ಟನ್ನು ಜಿಪ್ ಟೈನಿಂದ ಬಿಗಿಯಿರಿ. ಪೈಪಿನೊಳಗೆ ಸ್ಪಂಜು ಸುತ್ತಿ ಪೆನ್ನನ್ನು ನಟ್ಟನಡುವೆ ನಿಲ್ಲಿಸಿ. ಕಾಗದದ ಕಡೆ 3 ಮಿ.ಮೀ. ದಪ್ಪದ ದುಂಡು ತಟ್ಟೆ, ಅದರ ಅಂಚಿಗೆ ಸರ್ವೊ. ಸರ್ವೊ ಕೈ ಹಲಗೆಯನ್ನು ಒತ್ತಿದಾಗ ಪೆನ್ನು ಕಾಗದದಿಂದ ಏಳುತ್ತದೆ. ಒಟ್ಟು ತೂಕ ಸುಮಾರು 120 ಗ್ರಾಂ ಬರುವಂತೆ ತಟ್ಟೆಯ ಕೆಳಭಾಗಕ್ಕೆ ನಟ್ಟು ಅಂಟಿಸಿ.

ಬೆಲ್ಟಿನ ಇನ್ನೊಂದು ತುದಿ ಶಾಫ್ಟಿಗೆ ಹಾಕಿದ ಪುಲ್ಲಿಯ ಮೇಲಿಂದ ಹಾದು ಹೊರಬದಿಗೆ ಇಳಿಬೀಳುತ್ತದೆ. ಹಲ್ಲು ಜಾರದಿರಲು ಅಲ್ಲಿ ತಲಾ 30 ಗ್ರಾಂ ತೂಕ ಕಟ್ಟಬೇಕು. ಹೆಚ್ಚು ಕಟ್ಟಿದರೆ ಒಳ್ಳೆಯದೆಂದು ಅನ್ನಿಸಬಹುದು, ಅದು ನಿಜವಲ್ಲ. ಪೆನ್ನು ಕಾಗದದ ಕೆಳಮೂಲೆಗೆ ಬಂದಾಗ ದೂರದ ಬೆಲ್ಟಿನ ಮೇಲೆ ಉಳಿಯುವ ಎಳೆತ 50 ಗ್ರಾಂನಷ್ಟೇ. ತೂಕ ಅದನ್ನು ಮೀರಿದರೆ ಗೇರು ಇನ್ನೊಂದು ಕಡೆಗೆ ಒರಗಿ, ಮೂಲೆಗಳಲ್ಲಿ ಮಾತ್ರ ಚಿತ್ರ ಸೊಟ್ಟಗಾಗುತ್ತದೆ.

ಬಾಲ್ ಪೆನ್ನು, ಜೆಲ್ ಪೆನ್ನು ಇಲ್ಲಿ ಬೇಡ. ಅಡ್ಡ ಹಿಡಿದಾಗ ಅವುಗಳ ಶಾಯಿ ತುದಿಗೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಗೆರೆ ಮಾಸಿ ನಿಂತೇ ಹೋಗುತ್ತದೆ. ಸ್ಕೆಚ್ ಪೆನ್ನು ಅಥವಾ 0.4 ಮಿ.ಮೀ. ಫೈನ್‌ಲೈನರ್ ಹಾಕಿ. ಹಲಗೆಯನ್ನು ಐದು ಡಿಗ್ರಿಯಷ್ಟು ಹಿಂದಕ್ಕೆ ಒರಗಿಸಿದರೆ ಪೆನ್ನು ತಾನಾಗಿ ಕಾಗದಕ್ಕೆ ಒತ್ತಿಕೊಳ್ಳುತ್ತದೆ.

ವೈರಿಂಗ್

ಮೋಟಾರು, ಸರ್ವೊಗಳಿಗೆ ಊನೊ ಬೋರ್ಡಿನಿಂದ ಕರೆಂಟ್ ಕೊಡಬೇಡಿ. 5 ವೋಲ್ಟ್, 2 ಆಂಪಿಯರ್ ಕೊಡುವ ಬೇರೆ ಮೂಲ ಇರಲಿ. ಊನೊ ಮತ್ತು ಆ ಮೂಲ, ಎರಡರ ಗ್ರೌಂಡ್ ವೈರು ಮಾತ್ರ ಸೇರಿರಲೇಬೇಕು. ಮೋಟಾರು ತಿರುಗದೆ ಬರೀ ಗುಂಯ್‌ಗುಟ್ಟುತ್ತಿದ್ದರೆ ಪಿನ್ನುಗಳ ಸರದಿ ನೋಡಿ: ಆಕ್ಸೆಲ್‌ಸ್ಟೆಪ್ಪರ್ ಲೈಬ್ರರಿಗೆ (ಸ್ಟೆಪ್ಪರ್ ಓಡಿಸಲು ಊನೊ ಪ್ರೋಗ್ರಾಮಿನಲ್ಲಿ ಬಳಸುವ ಸಿದ್ಧ ಕೋಡಿಗೆ) 1, 3, 2, 4 ಎಂಬ ಕ್ರಮದಲ್ಲಿ ಹೇಳಬೇಕು; 1, 2, 3, 4 ಅಲ್ಲ.

ಚಾರ್ಜರಿಗಿಂತ ಪವರ್ ಬ್ಯಾಂಕ್ ಮೇಲು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ಊನೊ ಹೆಜ್ಜೆ ಎಣಿಸುತ್ತಲೇ ಇರುತ್ತದೆ, ಮೋಟಾರು ಮಾತ್ರ ನಿಂತಿರುತ್ತದೆ. ಕರೆಂಟ್ ಬಂದ ಮೇಲೆ ಉಳಿದ ಚಿತ್ರವೆಲ್ಲ ಪಕ್ಕಕ್ಕೆ ಸರಿದು ಬೀಳುತ್ತದೆ.

ಲೆಕ್ಕ

ಎಡ ಶಾಫ್ಟಿನಿಂದ ಪೆನ್ನು ಅಡ್ಡಕ್ಕೆ ಎಷ್ಟು ದೂರ, ಕೆಳಕ್ಕೆ ಎಷ್ಟು ದೂರ ಎಂಬುದು ಗೊತ್ತಿದ್ದರೆ ಪೈಥಾಗೊರಸ್ ಪ್ರಮೇಯದಿಂದ ಎಡಬೆಲ್ಟಿನ ಉದ್ದ ಸಿಗುತ್ತದೆ. ಅಡ್ಡದೂರವನ್ನು 800ರಿಂದ ಕಳೆದು ಅದೇ ಲೆಕ್ಕ ಮಾಡಿದರೆ ಬಲಬೆಲ್ಟು. ಅಡ್ಡಕ್ಕೆ 400, ಕೆಳಕ್ಕೆ 500 ಇರುವ ಜಾಗದಲ್ಲಿ ಎರಡೂ 640.3 ಮಿ.ಮೀ. ಇದನ್ನೇ ‘ಮನೆ’ ಎಂದು ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಪ್ರತಿ ಚಿತ್ರವನ್ನೂ ಇಲ್ಲಿಂದಲೇ ಶುರುಮಾಡಿ. ಕಂಪ್ಯೂಟರ್ ಸೀರಿಯಲ್ ಪೋರ್ಟ್ (ಊನೊ ಜೊತೆ ಮಾತಾಡುವ ದಾರಿ) ತೆರೆದ ಕೂಡಲೇ ಊನೊ ರೀಸೆಟ್ ಆಗಿ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಮೊದಲು ಸಂಪರ್ಕ, ಆಮೇಲೆ ಪೆನ್ನನ್ನು ಮನೆಗೆ ತರುವುದು.

ಶಾಫ್ಟಿನ ಒಂದು ಸುತ್ತಿಗೆ 2048 ಹೆಜ್ಜೆ, 40 ಮಿ.ಮೀ. ಬೆಲ್ಟು, ಅಂದರೆ ಮಿಲಿಮೀಟರಿಗೆ 51.2 ಹೆಜ್ಜೆ. ಆದರೆ ಈ ಮೋಟಾರಿನ ಗೇರಿನ ಅನುಪಾತ ಹಲವು ಬಾರಿ 64ರ ಬದಲು 63.68 ಇರುತ್ತದೆ. ಆಗ 400 ಮಿ.ಮೀ.ಗೆ 2 ಮಿ.ಮೀ. ವ್ಯತ್ಯಾಸ. ಬೆಲ್ಟನ್ನು 300 ಮಿ.ಮೀ. ಇಳಿಸಲು ಹೇಳಿ, ಅಳೆದು, ನಿಮ್ಮ ಸಂಖ್ಯೆಯನ್ನು ತಿದ್ದಿಕೊಳ್ಳಿ. ವೇಗ ಸೆಕೆಂಡಿಗೆ 400 ಹೆಜ್ಜೆ ಸಾಕು, ಅಂದರೆ ಸುಮಾರು 8 ಮಿ.ಮೀ. ಅದಕ್ಕಿಂತ ಓಡಿಸಿದರೆ ಹೆಜ್ಜೆ ತಪ್ಪುವ ಭಯವಿದೆ.

ನೇರಗೆರೆ ಬಿಲ್ಲಿನಂತೆ ಬಾಗಿ ಬರುತ್ತಿದ್ದರೆ ಯಂತ್ರದ್ದು ತಪ್ಪಲ್ಲ. ಎರಡೂ ಬೆಲ್ಟು ಒಂದೇ ಸಮನೆ ಉದ್ದವಾದರೂ ಗಿಡ್ಡವಾದರೂ ಹೆಚ್ಚಿನ ಕಡೆ ಪೆನ್ನು ನೇರ ಹೋಗುವುದಿಲ್ಲ. ಪ್ರತಿ ಗೆರೆಯನ್ನೂ 1 ಮಿ.ಮೀ. ತುಂಡುಗಳಾಗಿ ಒಡೆದು, ಒಂದೊಂದು ತುದಿಗೂ ಹೊಸದಾಗಿ ಲೆಕ್ಕ ಹಾಕಬೇಕು. ಊನೊಗೆ ಇರುವ ರ‍್ಯಾಮ್ 2 ಕೆ.ಬಿ. ಮಾತ್ರ, ಇಡೀ ಚಿತ್ರ ಅದರಲ್ಲಿ ಹಿಡಿಸದು. ಕಂಪ್ಯೂಟರಿನಲ್ಲಿ ಓಡುವ ಪೈಥಾನ್ ಪ್ರೋಗ್ರಾಮಿನಿಂದ ಒಂದೊಂದೇ ಬಿಂದು ಕಳಿಸಿ, ‘ಆಯಿತು’ ಎಂಬ ಉತ್ತರ ಬಂದ ಮೇಲೆ ಮುಂದಿನದನ್ನು ಕಳಿಸಿ.

ಮೊದಲ ಚಿತ್ರ: ಎಳೆ ರಂಗೋಲಿ

ಫೋಟೊಗಳನ್ನು ಗೆರೆಯಾಗಿಸುವ ಆತುರ ಬೇಡ. ಚುಕ್ಕಿಗಳನ್ನು ಬಳಸಿ ಸಾಗುವ ಎಳೆ ರಂಗೋಲಿ ಈ ಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಒಂದು ಎಳೆ ಮುಗಿಯುವ ತನಕ ಪೆನ್ನು ಎತ್ತುವ ಪ್ರಮೇಯವೇ ಬರದು. ಆಯತದಲ್ಲಿ ಚುಕ್ಕಿ ಇಟ್ಟು, ಅಕ್ಕಪಕ್ಕದ ಪ್ರತಿ ಎರಡು ಚುಕ್ಕಿಗಳ ನಡುವೆ ಎಳೆಗಳನ್ನು ದಾಟಿಸಿದರೆ, ಬೇಕಾಗುವ ಎಳೆಗಳ ಸಂಖ್ಯೆ ಸಾಲು ಮತ್ತು ಕಂಬಸಾಲುಗಳ ಮಹತ್ತಮ ಸಾಮಾನ್ಯ ಅಪವರ್ತನಕ್ಕೆ ಸಮ. 6 × 4ಕ್ಕೆ ಎರಡು ಎಳೆ, 5 × 5ಕ್ಕೆ ಐದು, 5 × 4ಕ್ಕೆ ಒಂದೇ.

ಎ3 ಹಾಳೆಗೆ 9 × 13 ಚುಕ್ಕಿ, 30 ಮಿ.ಮೀ. ಅಂತರ ಚೆನ್ನಾಗಿ ಹೊಂದುತ್ತದೆ. ಎಲ್ಲ ಕಡೆ ಸುಮಾರು 2 ಸೆಂ.ಮೀ. ಅಂಚು ಉಳಿಯುತ್ತದೆ. ಎರಡು ಚುಕ್ಕಿಗಳ ಮಧ್ಯದಿಂದ ಹೊರಟು 45 ಡಿಗ್ರಿಯಲ್ಲಿ ಮುಂದಿನ ಮಧ್ಯಕ್ಕೆ ಹೋಗಿ. ಅಂಚಿಗೆ ಬಂದು, ಪಕ್ಕದಲ್ಲಿ ಚುಕ್ಕಿ ಇಲ್ಲದಾಗ, ಇರುವ ಚುಕ್ಕಿಯನ್ನೇ ಕೇಂದ್ರವಾಗಿಟ್ಟು 10.6 ಮಿ.ಮೀ. ತ್ರಿಜ್ಯದಲ್ಲಿ ಸುತ್ತಿ ವಾಪಸು ಬನ್ನಿ. ಈ ಸಂಖ್ಯೆ ಚುಕ್ಕಿಗಳ ಅಂತರದ 0.354 ಪಟ್ಟು, ಬೇರೆ ಅಂತರ ಇಟ್ಟರೂ ಇದರಿಂದಲೇ ಗುಣಿಸಿ. ಒಟ್ಟು ಸುಮಾರು 10 ಮೀಟರ್ ಎಳೆ, 20 ನಿಮಿಷದ ಕೆಲಸ.

ಬಾಗಿಲ ಮುಂದೆ ಮಾಡುವ ಹಾಗೆ ಮೊದಲು ಚುಕ್ಕಿ, ಆಮೇಲೆ ಎಳೆ. ಚುಕ್ಕಿಗೆ ಪೆನ್ನು ಇಳಿಸಿ, ಎತ್ತಿದ ಮೇಲೆ ಕಾಲು ಸೆಕೆಂಡ್ ಕಾಯದಿದ್ದರೆ ಪ್ರತಿ ಚುಕ್ಕಿಗೂ ಬಾಲ ಬರುತ್ತದೆ. ತೆಳು ಹಾಳೆಯಲ್ಲಿ ಎಳೆ ದಾಟುವ ಕಡೆ ಶಾಯಿ ಹರಡುತ್ತದೆ. 150 ಜಿಎಸ್‌ಎಂಗಿಂತ (ಚದರ ಮೀಟರಿಗೆ 150 ಗ್ರಾಂ) ದಪ್ಪದ ಡ್ರಾಯಿಂಗ್ ಹಾಳೆ ತನ್ನಿ.

ಹಂಚಿಕೊಳ್ಳುವಾಗ

ಚಿತ್ರವನ್ನಷ್ಟೇ ಅಲ್ಲ, ಎಸ್‌ವಿಜಿ ಫೈಲನ್ನೂ (ಗೆರೆಗಳನ್ನು ಅಳತೆಗಳಾಗಿ ಬರೆದಿಡುವ ಫೈಲು) ಹಂಚಿ. ಕಾಗದದ ಅಳತೆ, ಪೆನ್ನಿನ ದಪ್ಪ, ಚುಕ್ಕಿ ಅಂತರ ಬರೆದಿದ್ದರೆ ಇನ್ನೊಬ್ಬರು ಅದನ್ನೇ ಬಿಡಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಸಣ್ಣಗೆರೆಗಳು ಕಲಸಿಹೋಗುತ್ತವೆ, ಡಾಕ್ಯುಮೆಂಟ್ ಎಂದು ಕಳಿಸಿ. ಊರಿನ ಶಾಲೆ ಅಥವಾ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹಲಗೆಯನ್ನೇ ನಿಲ್ಲಿಸಿ ಓಡಿಸಿದರೆ ಮಕ್ಕಳಿಗೆ ಎಳೆ ಮೂಡುವ ದಾರಿ ಕಣ್ಣೆದುರೇ ಕಾಣುತ್ತದೆ.

ನಿಮ್ಮದಲ್ಲದ ವಿನ್ಯಾಸ ಯಾರದೋ ಅಮ್ಮನ, ಅಜ್ಜಿಯ ರಂಗೋಲಿ ಪುಸ್ತಕದಿಂದ ಬಂದಿದ್ದರೆ ಮೊದಲು ಅವರನ್ನು ಕೇಳಿ. ಒಪ್ಪಿದರೆ ಚಿತ್ರದ ಹಿಂದೆಯೂ ಫೈಲಿನಲ್ಲೂ ಅವರ ಹೆಸರು, ಊರು ಬರೆಯಿರಿ. ಗೆರೆ ಎಳೆದದ್ದು ಯಂತ್ರವಾದರೂ ರಂಗೋಲಿ ಅವರದು.

ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ಕೊಡಲು ಕಾರ್ಡು ಬೇಕಿದ್ದರೆ ಒಂದು ಎ3 ಹಾಳೆಯಲ್ಲಿ ಎ6 ಅಳತೆಯ ಎಂಟು ಕಾರ್ಡು ಬರುತ್ತವೆ. ಒಂದೊಂದಕ್ಕೂ 4 × 3 ಚುಕ್ಕಿ, 25 ಮಿ.ಮೀ. ಅಂತರ. ಕತ್ತರಿಸುವ ಗೆರೆಯನ್ನು ಯಂತ್ರದಿಂದ ಹಾಕಿಸದೆ ಮೊದಲೇ ಪೆನ್ಸಿಲಿನಲ್ಲಿ ಹಾಕಿಡಿ, ಶಾಯಿ ಪೂರ್ತಿ ಒಣಗಿದ ಮೇಲೆ ಕತ್ತರಿಸಿ.