ಪೋಡಿನವರು ತಾವಾಗೇ ಬರುವಂಥ ಆಸ್ಪತ್ರೆ ನಡೆಸುವುದು ಹೇಗೆ?

ಚಾಮರಾಜನಗರ ಜಿಲ್ಲೆಯ ಕಾಡಂಚಿನ ಒಂದು ಸಣ್ಣ ಆಸ್ಪತ್ರೆಗೆ ನಾನು ಕೆಲಸಕ್ಕೆ ಸೇರಿದ ಹೊಸತು. ಡಿಸೆಂಬರ್ ಚಳಿ. ಇಲ್ಲಿನ ಕಾಡಿನ ಆದಿವಾಸಿಗಳಾದ ಸೋಲಿಗರ ಹುಡುಗನೊಬ್ಬ ಬೆಂಚಿನ ಮೇಲೆ ಮುದುರಿ ಮಲಗಿ, ಎರಡೂ ಮೊಣಕಾಲು ಹಿಡಿದುಕೊಂಡು ನರಳುತ್ತಿದ್ದ. ಗಾಯ ಇಲ್ಲ, ಊತ ಇಲ್ಲ, ಜ್ವರವೂ ಇಲ್ಲ. 'ಸ್ಕೂಲ್ ತಪ್ಪಿಸೋಕೆ ನಾಟಕ' ಎಂದುಬಿಟ್ಟರು ನಮ್ಮಲ್ಲೊಬ್ಬರು. ಅವನ ಅಪ್ಪ ಒಂದು ಮಾತೂ ಆಡಲಿಲ್ಲ. ಮಗನನ್ನು ಬೆನ್ನಿಗೆ ಹಾಕಿಕೊಂಡು ನಡೆದರು. ಹುಡುಗನಿಗೆ ಇದ್ದದ್ದು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಎಂದು ಆಮೇಲೆ ಗೊತ್ತಾಯಿತು. ಎಷ್ಟೋ ತಿಂಗಳು ಅವರ ಪೋಡಿನಿಂದ, ಅಂದರೆ ಸೋಲಿಗರ ಆ ಸಣ್ಣ ಊರಿನಿಂದ, ಯಾರೂ ನಮ್ಮ ಕಡೆ ತಲೆ ಹಾಕಲಿಲ್ಲ.

ನಮ್ಮಲ್ಲಿ ಔಷಧಿ ಇತ್ತು, ಡಾಕ್ಟರ್ ಇದ್ದರು. ಆದರೂ ಆ ಅಪ್ಪನಿಗೆ ಅದು ಬರುವಂಥ ಜಾಗವಾಗಿರಲಿಲ್ಲ. ನ್ಯೂಜಿಲೆಂಡ್‌ನ ಮಾವೊರಿ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್ ಇದನ್ನೇ ಹೇಳಿದ್ದರು: ಆಸ್ಪತ್ರೆಯಲ್ಲಿ ತನ್ನ ಜನಕ್ಕೆ, ತನ್ನ ರೀತಿ-ರಿವಾಜಿಗೆ ಮರ್ಯಾದೆ ಸಿಕ್ಕಿತೋ ಇಲ್ಲವೋ ಎಂದು ಹೇಳಬೇಕಾದವರು ರೋಗಿ, ಆಸ್ಪತ್ರೆಯವರಲ್ಲ. 1992ರಲ್ಲಿ ಆ ದೇಶ ಇದನ್ನು ನರ್ಸಿಂಗ್ ಪಾಠದಲ್ಲೇ ಸೇರಿಸಿತು. ನಮ್ಮ ಪೋಡು, ಹಾಡಿಗಳ ಹತ್ತಿರ ಆಸ್ಪತ್ರೆ ನಡೆಸುವವರು ಶುರು ಮಾಡಬೇಕಾದದ್ದೂ ಇಲ್ಲಿಂದಲೇ.

ಮೊದಲು ಪೋಡಿಗೆ ಹೋಗಿ, ಬರಿಗೈಯಲ್ಲಿ

ಫಾರಂ, ರಿಜಿಸ್ಟರ್, ಕ್ಯಾಮೆರಾ ಏನೂ ಬೇಡ. ಪೋಡಿನ ಯಜಮಾನರಿಗೆ ಮೊದಲೇ ಹೇಳಿ ಕಳಿಸಿ, ಅವರು ಹೇಳಿದ ಹೊತ್ತಿಗೆ ಹೋಗಿ. ಆದಷ್ಟು ನಡೆದೇ ಹೋಗಿ. ಇದಕ್ಕೆ ಕಾರಣ ಇದೆ. 1972ರ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಸೋಲಿಗರನ್ನು ಕಾಡಿನೊಳಗಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿದರು. ಅಲ್ಲಿನ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿದ್ದು 2011ರಲ್ಲಿ. ಹಾಗಾಗಿ ಜೀಪು, ಯೂನಿಫಾರಂ, ಕೈಯಲ್ಲೊಂದು ಪಟ್ಟಿ ಕಂಡರೆ ವಯಸ್ಸಾದವರಿಗೆ ಇವತ್ತಿಗೂ ಹಳೆಯದೆಲ್ಲ ನೆನಪಾಗುತ್ತದೆ. ನೀವು ಲಸಿಕೆ ಹಾಕಲು ಬಂದಿದ್ದೀರಿ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಮೊದಲ ಸಲ ಹೋದಾಗ ಕೇಳಬೇಕಾದದ್ದು ಒಂದೇ: ಹಿಂದೆ ಆಸ್ಪತ್ರೆಗೆ ಹೋದಾಗ ಏನಾಯಿತು? ಅವರು ಹೇಳುವಾಗ ಸಮಜಾಯಿಷಿ ಕೊಡಬೇಡಿ. ಸುಮ್ನೆ ಕೇಳಿಸಿಕೊಳ್ಳಿ.

ಮಾತು

ಹೆಚ್ಚಿನ ಕೆಲಸ ಚೀಟಿ ಮಾಡಿಸುವ ಕಿಟಕಿಯಲ್ಲೇ ಕೆಡುತ್ತದೆ. ಎಪ್ಪತ್ತು ವರ್ಷದ ಅಜ್ಜಿ 'ಬುದ್ಧಿ' ಎಂದು ಕೈಮುಗಿಯುತ್ತಾರೆ. ಒಳಗಿರುವ ಇಪ್ಪತ್ತೈದರ ಹುಡುಗ 'ಏನಮ್ಮ, ಎಷ್ಟೊತ್ತಿಗೆ ಬರೋದು? ಕಾರ್ಡ್ ಎಲ್ಲಿ?' ಎನ್ನುತ್ತಾನೆ. 'ಬನ್ನಿ ಅಜ್ಜಿ, ಕೂತ್ಕೊಳ್ಳಿ' ಎನ್ನುವುದಕ್ಕೆ ಯಾವ ಅನುದಾನವೂ ಬೇಡ, ಅಲ್ವಾ? ಕಾರ್ಡ್ ಇಲ್ಲ ಎಂದು ಯಾರನ್ನೂ ವಾಪಸ್ ಕಳಿಸಬಾರದು. ಚಿಕಿತ್ಸೆ ಮೊದಲು, ಕಾಗದ ಆಮೇಲೆ. ಇದನ್ನು ಸಿಬ್ಬಂದಿಗೆ ಖಡಾಖಂಡಿತವಾಗಿ ಹೇಳಿಬಿಡಿ.

ಇನ್ನೊಂದು, 'ಹೂಂ ಬುದ್ಧಿ' ಎಂದರೆ ಅರ್ಥವಾಯಿತು ಎಂದಲ್ಲ, ಒಪ್ಪಿದೆ ಎಂದೂ ಅಲ್ಲ. ದೊಡ್ಡವರ ಮುಂದೆ ಇಲ್ಲ ಎನ್ನಬಾರದು ಎಂಬ ಸಂಕೋಚ ಅದು. 'ಈ ಮಾತ್ರೆ ಹೇಗೆ ತಗೋಬೇಕು ಅಂತ ಮನೇಲಿ ಸೊಸೆಗೆ ಹೇಗೆ ಹೇಳ್ತೀರಿ, ಒಂದ್ಸಲ ಹೇಳಿ ಅಜ್ಜಿ' ಎಂದು ಕೇಳಿ ನೋಡಿ. ನಾವು ಹೇಳಿದ್ದರಲ್ಲಿ ಎಷ್ಟು ತಲುಪಿದೆ ಎಂದು ಆಗ ತಿಳಿಯುತ್ತದೆ.

ನಾಟಿ ಔಷಧಿ ಮಾಡಿದ್ದಾರಾ ಎಂದು ಬೈಯದೆ ಕೇಳಿ. ಬೈದರೆ ಮುಚ್ಚಿಡುತ್ತಾರೆ, ಮುಚ್ಚಿಟ್ಟರೆ ನಮ್ಮ ಮಾತ್ರೆ ಕೊಡುವುದೇ ಅಪಾಯ.

ಅವರ ಮನೆಯವರೇ ಸಿಬ್ಬಂದಿಯಾಗಲಿ

ಆದಿವಾಸಿಗಳಿಗೆ ಕಸ ಗುಡಿಸುವ ಕೆಲಸ ಕೊಟ್ಟು, ನಮ್ಮಲ್ಲೂ ಅವರಿದ್ದಾರೆ ಎನ್ನುವುದು ಸರಿಯಲ್ಲ. ನರ್ಸ್ ಕುರ್ಚಿಯಲ್ಲಿ, ಲ್ಯಾಬಿನಲ್ಲಿ, ಔಷಧಿ ಕೊಡುವಲ್ಲಿ ಅವರಿರಬೇಕು. ಆಗದ ಮಾತೇನಲ್ಲ. ನೀಲಗಿರಿಯ ಗೂಡಲೂರಿನಲ್ಲಿರುವ ಅಶ್ವಿನಿ ಸಂಸ್ಥೆಯ ಆಸ್ಪತ್ರೆ ಆದಿವಾಸಿ ಹೆಣ್ಣುಮಕ್ಕಳಿಗೆ ತಾನೇ ತರಬೇತಿ ಕೊಟ್ಟು ನರ್ಸ್ ಮಾಡಿದೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ವೈದ್ಯರಾಗಿ ಬಂದವರು ಶಾಲೆಯನ್ನೂ ನಡೆಸಿದರು. ಪೋಡಿನ ಮಕ್ಕಳು ಓದಿದರೆ ತಾನೇ ನಾಳೆ ಅಲ್ಲಿಂದಲೇ ನರ್ಸ್ ಬರುವುದು?

ವೇಳೆ

ಗುಡ್ಡಗಾಡು, ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 3,000 ಜನಕ್ಕೊಂದು ಉಪಕೇಂದ್ರ ಇರಬೇಕು ಎನ್ನುತ್ತದೆ ನಿಯಮ. ಆದರೆ ಬಸ್ಸಿಲ್ಲದ, ಸಂಜೆಯಾದರೆ ದಾರಿಗೆ ಆನೆ ಬರುವ ಊರಲ್ಲಿ ಆ ಲೆಕ್ಕ ಹೆಚ್ಚೇನೂ ಹೇಳುವುದಿಲ್ಲ. ದೂರದಿಂದ ನಡೆದು ಬಂದವರನ್ನು ಮೊದಲು ನೋಡಿ, ಬೆಳಕಿರುವಾಗಲೇ ಕಳಿಸಿ. ಜೇನು ಕೀಳುವ ಸಮಯದಲ್ಲಿ ಗಂಡಸರು ಕಾಡಲ್ಲಿರುತ್ತಾರೆ. ಕಾಫಿ ಕೊಯ್ಲು ಬಂತೆಂದರೆ ಮನೆಮಂದಿಯೆಲ್ಲ ತೋಟದ ಕೆಲಸಕ್ಕೆ ಹೋಗುವುದುಂಟು. ಹೊರಡುವ ಮುಂಚೆಯೇ ಬಿಪಿ, ಶುಗರ್ ಮಾತ್ರೆ ಎರಡು-ಮೂರು ತಿಂಗಳಿಗೆ ಆಗುವಷ್ಟು ಕೊಟ್ಟು, ಚೀಟಿಯನ್ನೂ ಕೈಗಿಡಿ. 'ಮಾತ್ರೆ ಬಿಟ್ಟುಬಿಡ್ತಾರೆ' ಎಂದು ಆಮೇಲೆ ದೂರುವುದಕ್ಕಿಂತ ಇದು ಸುಲಭ.

ಹೆರಿಗೆ

ಸೋಲಿಗ ಹೆಂಗಸರಲ್ಲಿ ಕುಕ್ಕರಗಾಲಲ್ಲಿ ಕೂತು ಹೆರುವ ರೂಢಿಯಿದೆ. ಎತ್ತರದ ಟೇಬಲ್ ಮೇಲೆ, ಕಾಲು ಎತ್ತಿಸಿ, ಗೊತ್ತಿಲ್ಲದವರ ಮುಂದೆ ಮಲಗಿಸಿದರೆ ಯಾರಿಗೆ ತಾನೇ ಭಯವಾಗಲ್ಲ? ತೊಂದರೆ ಇಲ್ಲದ ಹೆರಿಗೆಯಲ್ಲಿ ನೆಲದ ಮೇಲೆ ಶುಭ್ರ ಹಾಸು ಹಾಕಿ ಕೂತೇ ಹೆರಲು ಬಿಡಬಹುದು. ಜೊತೆಗೆ ಅತ್ತೆಯೋ ಅಮ್ಮನೋ ಇರಲಿ. ಸರ್ಕಾರದ ನಿಯಮವೂ ಒಬ್ಬರು ಜೊತೆಗಿರಲು ಒಪ್ಪುತ್ತದೆ. ಮಾಸು ಏನು ಮಾಡಬೇಕು ಎಂದು ಮನೆಯವರನ್ನು ಕೇಳಿ, ಬಕೆಟ್ಟಿಗೆ ಹಾಕುವ ಮುಂಚೆ. ದಿನ ಹತ್ತಿರ ಬಂದಾಗ ಬಂದು ಉಳಿಯಲು ಒಂದು ಕೋಣೆ, ಮುದ್ದೆ ಬೇಯಿಸಿಕೊಳ್ಳಲು ಒಂದು ಒಲೆ ಇದ್ದರೆ ನಡುರಾತ್ರಿ ಕಾಡುದಾರಿಯಲ್ಲಿ ಓಡಾಡುವುದು ತಪ್ಪುತ್ತದೆ.

ಸಿಕಲ್ ಸೆಲ್: ಇಲ್ಲಿ ಎಡವಬೇಡಿ

ರಕ್ತದ ಕೆಂಪುಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುವ ಕಾಯಿಲೆ ಇದು. ನೋವು ಮೂಳೆಯೊಳಗಿಂದ ಬರುತ್ತದೆ, ಹೊರಗೆ ಏನೂ ಕಾಣಿಸದೇ ಇರಬಹುದು. ಚಳಿ, ಸೋಂಕು, ಮೈಯಲ್ಲಿ ನೀರು ಕಡಿಮೆಯಾಗುವುದು ನೋವನ್ನು ಕೆರಳಿಸುತ್ತವೆ. ಪಕ್ಕದ ನೀಲಗಿರಿಯ ಆದಿವಾಸಿಗಳಲ್ಲಿ ಇದು 1952ರಲ್ಲೇ ಪತ್ತೆಯಾಗಿತ್ತು. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಶುರು ಮಾಡಿದ ಅಭಿಯಾನದಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಟ್ಟುಕೊಂಡಿತ್ತು.

ಕಾಯಿಲೆ ಇರುವವರು ನೋವು ಎಂದು ಬಂದರೆ ನಂಬಿ. ಬೆಚ್ಚಗೆ ಹೊದಿಸಿ, ನೀರು ಕುಡಿಸಿ, ಕಾಯಿಸದೆ ನೋವಿನ ಔಷಧಿ ಕೊಡಿ. ಜ್ವರವೂ ಇದ್ದರೆ ತಕ್ಷಣ ಡಾಕ್ಟರ್ ನೋಡಲೇಬೇಕು. ಫೋಲಿಕ್ ಆಸಿಡ್, ಹೈಡ್ರಾಕ್ಸಿಯೂರಿಯಾ ಸ್ಟಾಕ್ ಖಾಲಿಯಾಗದಂತೆ ನೋಡಿಕೊಳ್ಳಿ.

ಪರೀಕ್ಷೆಯ ಫಲಿತಾಂಶವನ್ನು ಪೋಡಿನ ನಡುವೆ ಹೆಸರು ಕೂಗಿ ಹೇಳಬೇಡಿ. ಮದುವೆ ಮಾತುಕತೆ ಮುರಿದುಬೀಳಬಹುದು. ಕಾಯಿಲೆಯ ಗುಣ ಹೊತ್ತವರು, ಅಂದರೆ ಅಪ್ಪ ಅಮ್ಮರಲ್ಲಿ ಒಬ್ಬರಿಂದ ಮಾತ್ರ ಅದನ್ನು ಪಡೆದವರು ಬೇರೆ, ಕಾಯಿಲೆ ಇರುವವರು ಬೇರೆ. ಗಂಡ ಹೆಂಡತಿ ಇಬ್ಬರೂ ಗುಣ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಒಳಗೆ ಕೂರಿಸಿ, ಅವರ ಮಾತಿನಲ್ಲೇ ಬಿಡಿಸಿ ಹೇಳಿ. ಮದುವೆ ತೀರ್ಮಾನ ಅವರದು.

ತಪ್ಪಾದರೆ ಮನೆಗೆ ಹೋಗಿ ಒಪ್ಪಿಕೊಳ್ಳಿ. ಆ ಹುಡುಗನ ಮನೆಗೆ ನಾವು ಹೋದೆವು. ಆ ಅಪ್ಪ ಚಾಪೆ ಹಾಸಿ ಕೂರಿಸಿ, ಕರಿಕಾಫಿ ಕೊಟ್ಟು, 'ನೀವು ಅವತ್ತು ಅವನ ಕಾಲು ಮುಟ್ಟಿಯೂ ನೋಡ್ಲಿಲ್ಲ' ಎಂದಷ್ಟೇ ಹೇಳಿದರು. ನಮ್ಮಲ್ಲಿ ಈಗ ಮೊದಲು ಮುಟ್ಟಿ ನೋಡುತ್ತೇವೆ, ಆಮೇಲೆ ಮಾತು.

ಸರಿಯಾಗಿದೆಯಾ ಎಂದು ಯಾರು ಹೇಳಬೇಕು?

ಆಸ್ಪತ್ರೆಯ ಮೇಲ್ವಿಚಾರಣೆ ನೋಡುವ ಆರೋಗ್ಯ ರಕ್ಷಾ ಸಮಿತಿಯಲ್ಲಿ ಪೋಡಿನವರು ಇಬ್ಬರಾದರೂ ಇರಲಿ, ಅದರಲ್ಲಿ ಒಬ್ಬರು ಹೆಂಗಸು. ಒಬ್ಬರನ್ನೇ ಹಾಕಿದರೆ ಅಷ್ಟು ಅಧಿಕಾರಿಗಳ ನಡುವೆ ಬಾಯಿ ಬಿಡುವುದಿಲ್ಲ. ಮೀಟಿಂಗನ್ನು ಆಗಾಗ ಪೋಡಿನ ಮರದ ಕೆಳಗೇ ಮಾಡಿ. ಎಷ್ಟು ಜನ ಬಂದರು ಎಂಬ ರಿಜಿಸ್ಟರ್ ಹೇಗೂ ಇರುತ್ತದೆ. ಬರಬೇಕಿದ್ದು ಬರದೇ ಹೋದವರ ಪಟ್ಟಿಯೊಂದನ್ನು ಆಶಾ ಕಾರ್ಯಕರ್ತೆಯ ಜೊತೆ ಕೂತು ತಿಂಗಳಿಗೊಮ್ಮೆ ಬರೆಯಿರಿ. ಯಾಕೆ ಬರಲಿಲ್ಲ ಎಂಬ ಕಾಲಂನಲ್ಲಿ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ.